ಹಳದಿ ನಳಿಕೆಯ ಮುಂದೆ ಸುಜಾತಾ

ಪೋತ್ನಾಳದಲ್ಲಿ ತಾಯಿ ಗೋಪಮ್ಮನ ಮೇಕೆ ದಿನ ತುಂಬುವ ಮೊದಲೇ ಕಂದು ಹಾಕಿದ್ದು ಸುಜಾತಾಳಿಗೆ ತಿಳಿದದ್ದು ಎಂಟು ದಿನ ತಡವಾಗಿ. ದೇವದುರ್ಗದ ಸಂತೆಯಲ್ಲಿ ಕೊಂಡ ಮೇಕೆ ಅದು. ಅಷ್ಟರಲ್ಲಿ ನಾಲ್ಕು ವರ್ಷದ ಮಗಳು ಸಮತಾ ಅಜ್ಜಿಯ ಮನೆಯಲ್ಲಿ ವಾರವಿದ್ದು, ಕೆಮ್ಮು ವಾಸಿಯಾಗಿ ರಾಯಚೂರಿಗೆ ಮರಳಿದ್ದಳು. ಆ ಮನೆಯಲ್ಲಿ ಕೆಮ್ಮಿಗೆ ಒಂದೇ ಮದ್ದು: ಕೆಚ್ಚಲಿನಿಂದ ನೇರ ಲೋಟಕ್ಕೆ ಕರೆದ, ನೊರೆ ಆರದ ಹಸಿ ಹಾಲು. ಸುಜಾತಾ ಬೆಳೆದದ್ದೂ ಅದನ್ನೇ ಕುಡಿದು.

ಜಾನುವಾರು ರೋಗಗಳ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಕಂದು ಹಾಕಿಸುವ ಬ್ರುಸೆಲ್ಲಾ ಎಂಬ ಸೂಕ್ಷ್ಮಾಣು ಹಸಿ ಹಾಲಿನಿಂದಲೂ ಕಂದು ಮುಟ್ಟಿದ ಕೈಯಿಂದಲೂ ಮನುಷ್ಯರಿಗೆ ದಾಟುತ್ತದೆ, ತಿಂಗಳುಗಟ್ಟಲೆ ಜ್ವರದಲ್ಲಿ ಕೆಡವುತ್ತದೆ ಎಂಬುದು ಅವಳಿಗೆ ಗೊತ್ತು. ಅಂದೇ ಬಸ್ಸು ಹಿಡಿದು ಹೋಗಿ ಹಾಲಿನ ಮಾದರಿ ತಂದಳು. ಮಗುವಿಗೆ ಹಸಿ ಹಾಲು ಕೊಟ್ಟೆಯಾ ಎಂದು ತಾಯಿಯನ್ನು ಕೇಳಲು ಮಾತ್ರ ಬಾಯಿ ಬರಲಿಲ್ಲ. ಹೂಂ ಅಂದುಬಿಟ್ಟರೆ?

ಸೂಕ್ಷ್ಮಾಣು ಬೆಳೆಸುವ ಪ್ಲೇಟಿನ ಮೇಲೆ ಹಾಲನ್ನು ಗೀರಿ ಇನ್‌ಕ್ಯುಬೇಟರಿನಲ್ಲಿಟ್ಟಳು. ಮೂರು ದಿನ ಏನೂ ಬೆಳೆಯಲಿಲ್ಲ. ಮನೆಯಲ್ಲಿ ಮಗಳ ಹಣೆ ಮುಟ್ಟಿದ್ದೇ ಮುಟ್ಟಿದ್ದು.

"ಯವ್ವಾ, ನಿನ್ನ ಕೈನ ತಣ್ಣಗದಾವ" ಎಂದು ಸಮತಾ ನಗುತ್ತಿದ್ದಳು.

ಐದನೆಯ ದಿನ ರಾಗಿಕಾಳಿಗಿಂತ ಸಣ್ಣ, ಜೇನುಬಣ್ಣದ ಹನಿಗಳು ಮೂಡಿದ್ದವು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಮರಳು ಚೆಲ್ಲಿದ ಹಾಗೆ. ಆಕ್ಸಿಡೇಸ್ ಕಾಗದವೂ ಹೌದೆಂಬಂತೆ ನೇರಳೆಯಾಯಿತು. ಉಳಿದದ್ದು ಯೂರಿಯಾ ಪರೀಕ್ಷೆ: ಹಳದಿ ನಳಿಕೆ ಗುಲಾಬಿಯಾದರೆ ಬ್ರುಸೆಲ್ಲಾ ಎಂಬುದು ಬಹುತೇಕ ಖಚಿತ.

"ಹಿಂಗ ದಿಟ್ಟಿಸಿದ್ರ ಅದು ನಾಚ್ಕೊಂಡು ಕೆಂಪಾದೀತ್ರೀ. ಮೊದ್ಲ ಊಟ ಮಾಡ್ರಿ" ಅಂದರು ಮುಖ್ಯಸ್ಥರಾದ ಡಾಕ್ಟರ್ ಅಕ್ಷೋಭ್ಯ.

ಅವಳು ಡಬ್ಬಿ ಬಿಚ್ಚಲಿಲ್ಲ. ಎರಡು ಗಂಟೆಗೆ ನಳಿಕೆಯ ಅಂಚಿನ ಬಣ್ಣ ತಿರುಗಿತು. ಮೂರಕ್ಕೆ ಪೂರ್ತಿ ಗುಲಾಬಿ. ಅವಳು ಹೊರಗೆ ಬಂದು ಪೋತ್ನಾಳಕ್ಕೆ ಫೋನು ಹಚ್ಚಿದಳು.

"ಯವ್ವಾ, ಖರೇ ಹೇಳು. ಸಮತಾಗ ಹಸಿ ಹಾಲು ಕೊಟ್ಟೀಯೇನು?"

"ನೀ ಬೈತೀ ಅಂತ ಕಾಸೇ ಕೊಟ್ಟೀನಿ ಬೇ, ಎರಡು ಉಕ್ಕು ಬರಿಸಿ. ಓದಿದ ಮಗಳ ಅಂಜಿಕಿ ನನಗಿಲ್ಲೇನು?"

ಸುಜಾತಾ ಮೆಟ್ಟಿಲ ಮೇಲೆ ಕೂತಳು. ಉಸಿರು ಬಂತು. ಆಮೇಲೆ ಹೊಳೆಯಿತು.

"ನೀ?"

"ನನಗ ಕಾಸಿದ್ದು ಸೇರಂಗಿಲ್ಲ. ಮ್ಯಾಕಿ ಕಂದು ಹಾಕಿದಾಗ ಮರಿ ಅಡ್ಡ ಸಿಕ್ಕಿತ್ತು, ನಾನ ಕೈ ಹಾಕಿ ಎಳ್ದೆ. ಎರಡು ದಿನದಿಂದ ಸಂಜಿ ಮುಂದ ಮೈ ಬೆಚ್ಚಗ ಆಗಾಕತ್ತದ. ಭತ್ತದ ಕಳಿ ತೆಗೆದ ದಣಿವು ಇರಬೇಕು."

"ಹಾಲು ಚೆಲ್ಲು. ಮ್ಯಾಕಿ ಹತ್ರ ಹೋಗಬ್ಯಾಡ. ನಾಳೆ ಇಲ್ಲಿ ಬಾ, ನಿಂದೂ ಸಮತಾಂದೂ ರಕ್ತ ತೋರಸೂಣು."

"ಮ್ಯಾಕಿನೂ ಬಸ್ಸಿಗೆ ಹತ್ತಿಸ್ಲೇನು?" ಗೋಪಮ್ಮ ನಕ್ಕಳು, ನಗುನಗುತ್ತ ಕೆಮ್ಮಿದಳು.

ಸುಜಾತಾ ಗೋಡೆಯ ಕಡೆ ತಿರುಗಿ ಮೊದಲ ಬಸ್ಸಿನ ಹೊತ್ತು ಹೇಳಿದಳು.