ಒತ್ತಕ್ಕನ ಪೌಡರು

ಆಸ್ಪತ್ರೆಯ ದಾಖಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಹೆಂಗಸರ ಸ್ತನದ ಎಕ್ಸ್‌ರೇ ತೆಗೆಯುವ ಕೆಲಸ. ಎರಡು ಹಲಗೆಗಳ ನಡುವೆ ಇಟ್ಟು ಒತ್ತುವುದೇ ಕಸುಬಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಒತ್ತಕ್ಕ.

ಒತ್ತುವುದೇನು ಅವಳಿಗೆ ಶೋಕಿಯಲ್ಲ. ಎಲುಬಾದರೆ ಸುಮ್ಮನೆ ಎದುರಿಗೆ ನಿಂತರೂ ಚಿತ್ರಕ್ಕೆ ಬೀಳುತ್ತದೆ. ಇದು ಬರೀ ಮೆತ್ತನೆಯದು, ಒಂದು ಪದರದ ಹಿಂದೆ ಇನ್ನೊಂದು ಅಡಗಿ ಕೂರುತ್ತದೆ. ಅದಕ್ಕೇ ಬೇರೆ ಯಂತ್ರ, ಮೆಲುವಾದ ಕಿರಣ, ಮೇಲಿನಿಂದೊಂದು ಚಿತ್ರ, ಓರೆಯಾಗಿ ಇನ್ನೊಂದು. "ನೋವಾಗತ್ತಾ?" ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ: "ಅಯ್ಯೋ, ಇರುವೆ ಕಚ್ಚಿದಷ್ಟೂ ಇಲ್ಲ!" ಹೇಳುವವರಿಗೇನು ಹೋಗುತ್ತದೆ?

ಬಾಗಿಲ ಮೇಲೆ ಅವಳದೇ ದಪ್ಪಕ್ಷರದ ಬೋರ್ಡು: "ಪೌಡರ್ ಹಾಕಿಕೊಂಡು ಬರಬಾರದು." ರೋಗವಿದ್ದಲ್ಲಿ ಕೂಡುವ ಸುಣ್ಣದ ಕಣಗಳು ಚಿತ್ರದಲ್ಲಿ ಸಣ್ಣ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ, ಕಂಕುಳಿನ ಪೌಡರೂ ಹಾಗೇ ಕಾಣುತ್ತದೆ. ಮರೆತು ಹಚ್ಚಿ ಬಂದವರಿಗೆ ಒತ್ತಕ್ಕ ಬಿಡಿಸುತ್ತಿದ್ದ ಗ್ರಹಚಾರ ಮೂರು ಕೋಣೆಯಾಚೆಗೂ ಕೇಳುತ್ತಿತ್ತು.

ಅವತ್ತು ಬಂದವಳು ಮೂಲೆಯಂಗಡಿಯ ದರ್ಜಿ. ಎಡಗಡೆ ಏನೋ ಗಂಟು ಕೈಗೆ ಸಿಕ್ಕಿದೆ, ಎರಡು ಸಲ ಚೀಟಿ ಮಾಡಿಸಿ ಎರಡು ಸಲವೂ ಬಾಗಿಲ ತನಕ ಬಂದು ವಾಪಸು ಹೋಗಿದ್ದಾಳೆ. ಇದು ಮೂರನೆಯದು. ಇವತ್ತೂ ಹೋದರೆ ಇನ್ನು ಬರುವವಳಲ್ಲ ಎಂದು ಒತ್ತಕ್ಕನಿಗೆ ಗೊತ್ತಿತ್ತು. ಭಯ ಕಂಡರೆ ಗುರುತಿಸಲಾರದಷ್ಟು ಹೊಸಬಳೇ ಅವಳು?

"ಕೋಣೆ ಘಂ ಅಂತಿದೆ," ಎಂದಳು ದರ್ಜಿ, ಯಂತ್ರವನ್ನು ನೋಡದಿರಲು ಗೋಡೆ ನೋಡುತ್ತಾ.

"ಮಡಿಸಿಟ್ಟ ಬಟ್ಟೇಲಿ ತೂತಿದ್ರೆ ನಿಮಗೆ ಕಾಣತ್ತಾ?" ಎಂದು ಒತ್ತಕ್ಕ ಶುರುಮಾಡಿದಳು. "ಹರಡಿ ಬೆಳಕಿಗೆ ಹಿಡೀಬೇಕು ತಾನೇ? ಇದೂ ಅಷ್ಟೆ."

"ಅದು ಸರಿ. ನೀವು ಮಾಡಿಸ್ಕೊಂಡಿದೀರಾ?"

"ನಾನಾ? ಪ್ರತಿ ವರ್ಷ!"

ದರ್ಜಿ ಇಷ್ಟು ವರ್ಷ ಹೆಂಗಸರ ಅಳತೆ ತೆಗೆದವಳು. ಸೊಂಟ ಮೂವತ್ತು ಎನ್ನುವವರ ಸುಳ್ಳನ್ನು ಟೇಪು ಬಿಚ್ಚುವ ಮೊದಲೇ ಹಿಡಿಯುವವಳು. "ಹಾಗಾದ್ರೆ ಚಿತ್ರ ತೋರ್ಸಿ," ಎಂದಳು.

ಚಿತ್ರವೆಲ್ಲಿಂದ ಬರಬೇಕು? ನಲವತ್ತು ತುಂಬಿದಾಗಿನಿಂದ ವೈದ್ಯೆ ಪ್ರತಿ ವರ್ಷ ಬರೆದುಕೊಟ್ಟ ಎಂಟು ಚೀಟಿಗಳೂ ಡ್ರಾಯರಿನಲ್ಲಿ ಒಂದರ ಮೇಲೊಂದು ಮಲಗಿದ್ದವು. ನಾಳೆ ಮಾಡಿಸಿದರಾಯಿತು, ನಾಡಿದ್ದು ಮಾಡಿಸಿದರಾಯಿತು ಎಂದು ದಿನ ತಳ್ಳಿದ್ದಳು. ನಿಜ ಹೇಳಬೇಕೆಂದರೆ ಹೆದರಿಕೆ. ರೋಗ ಮೂಡಿದ ಚಿತ್ರಗಳನ್ನು ಎಷ್ಟು ನೋಡಿರಲಿಲ್ಲ ಅವಳು!

ದರ್ಜಿ ಚೀಲ ಹೆಗಲಿಗೇರಿಸಿದಳು. "ನೀವು ಮೊದಲು. ಆಮೇಲೆ ನಾನು. ಇಲ್ದಿದ್ರೆ ನಮಸ್ಕಾರ."

ಒತ್ತಕ್ಕ ಡ್ರಾಯರನ್ನು ನೋಡಿದಳು, ಬಾಗಿಲ ಹಿಡಿಯ ಮೇಲಿದ್ದ ದರ್ಜಿಯ ಕೈ ನೋಡಿದಳು. "ಕೂತ್ಕೊಳ್ಳಿ," ಎಂದವಳೇ ಪಕ್ಕದ ಮೂಳೆ ಎಕ್ಸ್‌ರೇ ಕೋಣೆಯ ಗೆಳತಿಯನ್ನು ಕರೆದಳು. ಇವಳ ರಜೆಯ ದಿನ ಈ ಯಂತ್ರ ನಡೆಸುವವಳು ಅವಳೇ.

ಹಲಗೆ ಇಳಿಯಿತು. "ಅಯ್ಯಯ್ಯೋ! ನಿಧಾನ ಕಣೇ!"

"ಇರುವೆ ಕಚ್ಚಿದಷ್ಟೂ ಇಲ್ಲ," ಎಂದಳು ಗೆಳತಿ, ತಣ್ಣಗೆ. ಗಾಜಿನ ಮರೆಯಲ್ಲಿ ಕೂತಿದ್ದ ದರ್ಜಿಗೆ ನಗು ತಡೆಯಲಾಗಲಿಲ್ಲ.

ಪರದೆಯ ಮೇಲೆ ಚಿತ್ರ ಮೂಡಿತು. ಕಂಕುಳಿನ ಹತ್ತಿರ ಬಿಳಿ ಚುಕ್ಕೆಗಳು, ಒಂದೆರಡಲ್ಲ, ಹಿಡಿ ತುಂಬ. ಒತ್ತಕ್ಕ ಗೋಡೆ ಹಿಡಿದು ಹಾಗೇ ಸ್ಟೂಲಿನ ಮೇಲೆ ಕುಸಿದಳು. ಗಂಡನಿಗೆ ಹೇಗೆ ಹೇಳುವುದು, ಮಗಳ ಪರೀಕ್ಷೆ ಮುಗಿಯುವ ತನಕ ಬಚ್ಚಿಡಬಹುದೇ, ಎಂಟು ವರ್ಷ, ಎಂಟು ಚೀಟಿ.

"ಒಂದು ಮಾತು ಕೇಳ್ಲಾ?" ಎಂದಳು ದರ್ಜಿ ಮೆಲ್ಲಗೆ. "ಬಾಗಿಲ ಮೇಲೆ ಪೌಡರ್ ಬೇಡ ಅಂತ ಬರ್ದಿದೆ. ಆದ್ರೆ ಬಂದಾಗಿಂದ ಘಂ ಅಂತಿರೋದು ನೀವೇ ಅಲ್ವಾ?"

ದಿನವಿಡೀ ಹೆಂಗಸರ ಮೂಗಿನ ಪಕ್ಕದಲ್ಲೇ ಕೈ ಎತ್ತಿ ನಿಲ್ಲುವ ಕೆಲಸ, ಅವರಿಗೆ ತನ್ನ ಬೆವರಿನ ವಾಸನೆ ಹೊಡೆಯಬಾರದೆಂದು ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆದ್ದು ಪೌಡರ್ ಸುರಿದುಕೊಳ್ಳುವವಳು ಒತ್ತಕ್ಕ. ಬೋರ್ಡು ಇದ್ದದ್ದು ರೋಗಿಗಳಿಗೆ. ತಾನೂ ಒಂದು ದಿನ ಹಲಗೆಯ ಆ ಬದಿಗೆ ನಿಲ್ಲುವವಳೆಂದು ಅವಳು ಎಣಿಸಿಯೇ ಇರಲಿಲ್ಲ. ಅವಳ ಮುಖ ಇಂಗು ತಿಂದ ಮಂಗನಂತಾಯಿತು.

"ಊರಿಗೆಲ್ಲಾ ಶಕುನ ಹೇಳೋ ಹಲ್ಲಿ..." ಎಂದು ಗೆಳತಿ ರಾಗ ಎಳೆದಳು.

"ಬಾಯ್ಮುಚ್ಚು! ಒದ್ದೆ ಬಟ್ಟೆ ಕೊಡು!"

ಒರೆಸಿದರು, ಮತ್ತೆ ಒತ್ತಿದರು. ಚುಕ್ಕೆಗಳು ಮಾಯ. ವೈದ್ಯೆಯೂ ಬಂದು ನೋಡಿ ಏನಿಲ್ಲ ಎಂದರು. ಒತ್ತಕ್ಕ ನಗುತ್ತಲೇ ಅತ್ತಳು, ನಾಚಿಕೆಯಿಲ್ಲದೆ, ಸೆರಗಿಲ್ಲದ ಆ ಆಸ್ಪತ್ರೆ ನಿಲುವಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡಳು.

ಈಗ ದರ್ಜಿಯ ಸರದಿ. ಹಲಗೆಯ ಮುಂದೆ ನಿಂತು ಒತ್ತಕ್ಕನ ಕಡೆ ತಿರುಗಿದಳು. "ಈಗ ಹೇಳಿ. ನೋವಾಗತ್ತಾ?"

ಹಳೆಯ ಇರುವೆ ನಾಲಿಗೆಯ ತುದಿಗೆ ಬಂದಿತ್ತು. ಒತ್ತಕ್ಕ ಅದನ್ನು ನುಂಗಿಕೊಂಡಳು. "ಆಗತ್ತೆ. ಚೆನ್ನಾಗೇ ಆಗತ್ತೆ. ಹತ್ತು ಎಣಿಸಿ, ಅಷ್ಟರಲ್ಲಿ ಬಿಡ್ತೀನಿ. ನಾನೂ ಜೊತೇಲೇ ಎಣಿಸ್ತೀನಿ."

"ಈಗ ನಂಬ್ದೆ," ಎಂದು ದರ್ಜಿ ಎದೆಯೊಡ್ಡಿದಳು.

ಅವಳ ಗಂಟು ಪೌಡರಲ್ಲ. ಕೆಟ್ಟದ್ದೇ ಆಗಿತ್ತು, ಆದರೆ ಮಗುವಿನ ಅಂಗಿಯ ಗುಂಡಿಗಿಂತ ಚಿಕ್ಕದು. ಸರಿಯಾದ ಹೊತ್ತಿಗೆ ಬಂದಿರಿ, ಇನ್ನಾರು ತಿಂಗಳು ಬಿಟ್ಟಿದ್ದರೆ ಕಷ್ಟವಿತ್ತು ಎಂದರು ವೈದ್ಯೆ. ತೆಗೆದರು, ಔಷಧಿ ಕೊಟ್ಟರು. ಮೂಲೆಯಂಗಡಿಯ ಹೊಲಿಗೆ ಯಂತ್ರ ಕೆಲವು ತಿಂಗಳು ಮೌನವಾಗಿದ್ದು ಮತ್ತೆ ಸದ್ದು ಮಾಡತೊಡಗಿತು.

ವರ್ಷ ತುಂಬಿದ ದಿನ ದರ್ಜಿ ತಪಾಸಣೆಗೆ ಬಂದಳು. ಕೂದಲು ಗಿಡ್ಡವಾಗಿತ್ತು, ಬಾಯಿ ಮಾತ್ರ ಅಷ್ಟೇ ಉದ್ದ. ನಮಸ್ಕಾರವಿಲ್ಲ, ಕುಶಲವಿಲ್ಲ, ನೆಟ್ಟಗೆ ಒತ್ತಕ್ಕನ ಹತ್ತಿರ ಬಂದು ಕಂಕುಳಿನ ಬಳಿ ಮೂಗು ಒಡ್ಡಿ ಎರಡು ಸಲ ಮೂಸಿದಳು.

"ಪೌಡರಿಲ್ಲ," ಎಂದಳು. "ಸರಿ, ಮೊದಲು ನೀವು."

ಒತ್ತಕ್ಕ ಡ್ರಾಯರಿನಿಂದ ಈ ವರ್ಷದ ಚೀಟಿ ತೆಗೆದು ಮೂಳೆ ಕೋಣೆಯ ಗೆಳತಿಯನ್ನು ಕೂಗಿದಳು.