ಅಗಲ ಹಳಿಯ ಡಾಕ್ಟರಮ್ಮ

ಡಾಕ್ಟರಮ್ಮನ ಎಡಗೈ ಹೆಬ್ಬೆರಳಿನ ತುದಿ ಯಾವಾಗಲೂ ಸುಟ್ಟು ಕಂದಾಗಿರುತ್ತಿತ್ತು, ಒಬ್ಬಟ್ಟಿನ ಮೇಲೆ ಏಳುವ ಕಲೆಯ ಹಾಗೆ. ಬೆಸುಗೆ ಹಾಕುವಾಗ ಹಿತ್ತಾಳೆ ಚೂರುಗಳನ್ನು ಒತ್ತಿ ಹಿಡಿದೂ ಹಿಡಿದೂ ಅಲ್ಲಿನ ಚರ್ಮ ದಪ್ಪಗಾಗಿ, ಬೆರಳಚ್ಚಿನ ಗೆರೆಗಳೇ ಅಳಿಸಿಹೋಗಿದ್ದವು. ಅವರ ಫೋನು ಆ ಬೆರಳನ್ನು ಒಪ್ಪುತ್ತಿರಲಿಲ್ಲ. ವಿಮಾನ ನಿಲ್ದಾಣದ ಯಂತ್ರವೂ ಒಪ್ಪುತ್ತಿರಲಿಲ್ಲ. "ನೀನು ನೀನಲ್ಲ ಅಂತಾವೆ ಕಣೇ ಇವೆಲ್ಲ," ಎಂದು ನಗುತ್ತಾ ಬೆರಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದರು.

ನೆವಾರ್ಕಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಹಾಸನದವರು. ಅರಿವಳಿಕೆ ಕೊಡುವ ವೈದ್ಯೆ. ಚಿಕ್ಕ ವಯಸ್ಸಿನಲ್ಲಿ ಐರ್ಲೆಂಡಿನ ಸ್ಲೈಗೊ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಇಲ್ಲಿಗೆ ಬಂದು, ಇಲ್ಲೇ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ಹತ್ತಿರದ ಸರಟೋಗಾದಲ್ಲಿ. ಎರಡು ಕಾರು ಹಿಡಿಸುವ ಅವರ ಗರಾಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಗೋಡೆಯಿಂದ ಗೋಡೆಗೆ ಹಾಸಿದ ಹಲಗೆಗಳ ಮೇಲೆ, ಸ್ಲೈಗೊದಿಂದ ಒಳನಾಡಿಗೆ ಹೋಗುತ್ತಿದ್ದ, ಅವರು ಅಲ್ಲಿ ಕಾಲಿಡುವ ಮೊದಲೇ ಕಿತ್ತುಹಾಕಿದ್ದ ಒಂದು ಹಳೆಯ ರೈಲು ಮಾರ್ಗ ಪುಟ್ಟ ಮಾದರಿಯ ಗಾತ್ರಕ್ಕಿಳಿದು ಮಲಗಿತ್ತು. ಕಲ್ಲಿನ ನಿಲ್ದಾಣ, ಒದ್ದೆಯಂತೆ ಕಾಣುವ ಹುಲ್ಲು, ದನ ಸಾಗಿಸುವ ಡಬ್ಬಿಗಳು. ಆ ಕಾಲದಲ್ಲಿ ದನದ ಡಬ್ಬಿಗಳನ್ನು ಸುಣ್ಣದಿಂದ ತೊಳೆಯುತ್ತಿದ್ದರಂತೆ. ಡಾಕ್ಟರಮ್ಮ ಇಂಡಿಯನ್ ಗ್ರೋಸರಿಯಿಂದ ಎಲೆ ಅಡಿಕೆಯ ಸುಣ್ಣ ತಂದು, ನೀರಿಗೆ ಕದಡಿ, ಹಲ್ಲುಕಡ್ಡಿಯಲ್ಲಿ ಡಬ್ಬಿಗಳ ಬುಡಕ್ಕೆ ಬಿಳಿ ಕಲೆ ಹಚ್ಚುತ್ತಿದ್ದರು.

ಒಂದು ವಿಷಯ ಇಲ್ಲೇ ಹೇಳಬೇಕು. ಐರ್ಲೆಂಡಿನ ಹಳಿಗಳ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ, ಬೇರೆ ಬಹುಪಾಲು ದೇಶಗಳದಕ್ಕಿಂತ ಅಗಲ. ಮಾದರಿ ಮಾಡುವವರಿಗೆ ಅಂಗಡಿಯಲ್ಲಿ ಸಿಗುವ ಸಿದ್ಧ ಹಳಿ ಕಿರಿದು. ಹೆಚ್ಚಿನವರು ಆ ಕಿರಿದಾದ ಹಳಿಯ ಮೇಲೆಯೇ ಐರಿಷ್ ಎಂಜಿನ್ ಓಡಿಸಿ ಸುಮ್ಮನಾಗುತ್ತಾರೆ. ನೋಡುವವರಿಗೆ ಗೊತ್ತಾಗುವುದೂ ಇಲ್ಲ. ಡಾಕ್ಟರಮ್ಮ ಸುಮ್ಮನಾಗುವವರಲ್ಲ. ಇಪ್ಪತ್ತೊಂದು ಮಿಲಿಮೀಟರ್ ಅಗಲಕ್ಕೆ ಪ್ರತಿಯೊಂದು ಹಳಿಯನ್ನೂ ಕೈಯಾರೆ ಬೆಸೆದಿದ್ದರು. ಹೆಬ್ಬೆರಳು ಸುಟ್ಟದ್ದು ಹಾಗೆ.

ನಾನು ಹೈಸ್ಕೂಲಿನ ಚರ್ಚಾ ತಂಡದಲ್ಲಿದ್ದೆ. ಯಾವ ವಿಷಯ ಕೊಟ್ಟರೂ ಯಾವ ಪಕ್ಷ ಕೊಟ್ಟರೂ ಗೆಲ್ಲುವುದು ನಮಗೆ ಕಲಿಸಿದ ವಿದ್ಯೆ. ಮೊದಲ ಸಲ ಆ ಗರಾಜಿಗೆ ಹೋದಾಗ ಸುಮ್ಮನಿರಲಾಗಲಿಲ್ಲ. "ಆಂಟಿ, ಇದು ಬ್ರಿಟಿಷರ ಕಾಲದ ರೈಲು. ಅಲ್ಲಿನ ದನ ಇಂಗ್ಲೆಂಡಿಗೆ ಸಾಗಿಸೋಕೆ ಹಾಕಿದ್ದು. ನೀವು ಶೋಷಣೆಯ ಆಟಿಕೆ ಮಾಡ್ತಾ ಕೂತಿದೀರಿ," ಎಂದೆ.

"ಹೌದಾ? ಆ ಅರ ತಗೋ. ಈ ಚೂರು ಹಿಡ್ಕೊ. ಮಾತಾಡ್ತಾ ಉಜ್ಜು."

ಉಜ್ಜುತ್ತಲೇ ವಾದ ಮಂಡಿಸಿದೆ. ಮೂರು ಅಂಶ, ಒಂದು ಉಪಸಂಹಾರ. ಅವರು ಕನ್ನಡಕದ ಮೇಲಿಂದ ನೋಡಿದರು.

"ಮುಗೀತಾ? ಗೆದ್ದೆ. ಸಂತೋಷ. ಈಗ ಹೇಳು, ನಿಜಾನಾ ಅದು?"

"ಜಡ್ಜಿಗೆ ಅದು ಬೇಕಾಗಿಲ್ಲ ಆಂಟಿ."

"ನಂಗೆ ಬೇಕು. ಆಪರೇಷನ್ ಟೇಬಲ್ ಹತ್ರ ವಾದ ಗೆದ್ರೆ ಪೇಷೆಂಟು ಎದ್ದು ಕೂರಲ್ಲ ಮರೀ."

ಅಂದಿನಿಂದ ಕಾಲೇಜು ಮುಗಿದು ಮೆನ್ಲೋ ಪಾರ್ಕಿನಲ್ಲಿ ಕೆಲಸಕ್ಕೆ ಸೇರುವವರೆಗೂ, ಸೇರಿದ ಮೇಲೂ, ಶನಿವಾರ ಬಂತೆಂದರೆ ನಾನು ಆ ಗರಾಜಿನಲ್ಲಿ. ಅವರು ಒಳ್ಳೆಯ ಸ್ವಭಾವದ ಅಜ್ಜಿಯೇನೂ ಆಗಿರಲಿಲ್ಲ. ನಾನು ಬೆಸೆದದ್ದನ್ನು ಬೆಳಕಿಗೆ ಹಿಡಿದು, "ಇದೇನಿದು, ಮೂಗಿನ ಸಿಂಬಳ," ಎನ್ನುತ್ತಿದ್ದರು. ಕಾಫಿ ಕೇಳಿದರೆ, "ಕೈ ಖಾಲಿ ಇರೋದು ನಿಂಗೆ, ನನಗೂ ಒಂದು ಲೋಟ ತಾ," ಎನ್ನುತ್ತಿದ್ದರು.

ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಐರ್ಲೆಂಡ್ ಯಾಕೆ? ಇಷ್ಟು ಕಷ್ಟಪಡೋರು ನಮ್ಮ ಮೈಸೂರು ರೈಲೇ ಮಾಡಬಾರದಿತ್ತಾ? "ಇದು ಇಷ್ಟ ಕಣಪ್ಪ," ಎನ್ನುತ್ತಿದ್ದರು ಅವರು. "ಇಷ್ಟಕ್ಕೂ ವೀಸಾ ತಗೋಬೇಕಾ?"

ನನಗೆ ಮಾತ್ರ ಒಮ್ಮೆ, ಚಿಮುಟದಲ್ಲಿ ಚಕ್ರ ಹಿಡಿದುಕೊಂಡೇ ಹೇಳಿದರು. ಸ್ಲೈಗೊದಲ್ಲಿ ರಜೆಯ ದಿನ ಸೈಕಲ್ ಹತ್ತಿ, ಕಿತ್ತ ಹಳಿಯ ಜಾಡು ಹಿಡಿದು ಹೊರಟಿದ್ದರಂತೆ. ಹಾಳು ನಿಲ್ದಾಣವೊಂದರಲ್ಲಿ ಯಾರದೋ ಸಂಸಾರ, ಪ್ಲಾಟ್‌ಫಾರ್ಮಿನ ಮೇಲೆ ಕೋಳಿ. ಒಬ್ಬ ಮುದುಕಿ ಒಳಗೆ ಕರೆದು ಚಹಾ ಕೊಟ್ಟು, ಟಿಕೆಟ್ ಕಿಟಕಿ ಎಲ್ಲಿತ್ತು, ಎಂಜಿನ್ನು ನೀರು ಎಲ್ಲಿ ಕುಡಿಯುತ್ತಿತ್ತು ಎಂದು ಕೈ ಹಿಡಿದು ತೋರಿಸಿದಳಂತೆ. "ನಮ್ಮೂರು ಬಿಟ್ಟ ಮೇಲೆ ಎಲ್ರೂ ನನ್ನ ಕೇಳ್ತಿದ್ದಿದ್ದು ನೀನು ಎಲ್ಲಿಯವಳು ಅಂತ. ಅವಳೊಬ್ಬಳು ಕೇಳ್ಲಿಲ್ಲ ಕಣೇ. ಅವಳ ಊರು ತೋರಿಸಿದ್ಲು."

ಆ ನಿಲ್ದಾಣದಲ್ಲಿ ನೀರು ಕುಡಿಯುತ್ತಿದ್ದ ಎಂಜಿನ್ನನ್ನು ಅವರು ಹಿತ್ತಾಳೆ ತಗಡಿನಿಂದ ವರ್ಷಗಟ್ಟಲೆ ಕಟ್ಟಿದರು. ಮೂರು ಜೋಡಿ ದೊಡ್ಡ ಚಕ್ರ, ಅವನ್ನು ಕೂಡಿಸುವ ಸರಳುಗಳು. ಅಷ್ಟರಲ್ಲಿ ಕೈ ನಡುಗಲು ಶುರುವಾಯಿತು. ತಮ್ಮ ಕಾಯಿಲೆಯನ್ನು ತಾವೇ ಬೇರೆಯವರದೆಂಬಂತೆ ವಿವರಿಸಿ, ಕೊನೆಗೆ ಹೇಳಿದರು: "ಹೆಚ್ಚು ಟೈಮಿಲ್ಲ. ಇದೊಂದು ತನ್ನ ಹಳಿ ಮೇಲೆ ಸರಿಯಾಗಿ ಓಡೋದು ನೋಡ್ಬೇಕು. ಅಷ್ಟೇ."

ಆ ವರ್ಷ ಚಳಿಗಾಲಕ್ಕೆ ಮುಂಚೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರು.

ಈಗ ನಮ್ಮ ಕನ್ನಡ ಸಂಘದವರ ವಿಷಯಕ್ಕೆ ಬರುತ್ತೇನೆ. ರಾಜ್ಯೋತ್ಸವ ಹತ್ತಿರದಲ್ಲಿತ್ತು. ಸಂಘದ ಅಧ್ಯಕ್ಷರು ಡಾಕ್ಟರಮ್ಮನ ಮಗನನ್ನು ಹಿಡಿದರು. ಅಮ್ಮನಿಗೆ ಸರ್‌ಪ್ರೈಸ್ ಕೊಡೋಣ, ಎಂಜಿನ್ನನ್ನು ವೇದಿಕೆಯ ಮೇಲೆ ಓಡಿಸೋಣ ಎಂದರು. ಮಗ ಗರಾಜಿನ ಬಾಗಿಲು ತೆರೆದುಕೊಟ್ಟ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಹಲಗೆಗಳನ್ನು ಹೊರುವುದು ಕಷ್ಟವೆಂದು ಎಂಜಿನ್ ಮಾತ್ರ ಒಯ್ದು, ಅಂಗಡಿಯಿಂದ ಒಂದು ಸುತ್ತು ಸಿದ್ಧ ಹಳಿ ತಂದರು. ಎಂಜಿನ್ ಅದರ ಮೇಲೆ ಕೂರಲಿಲ್ಲ. ಕೂರುವುದಾದರೂ ಹೇಗೆ? ಸಮಿತಿಯಲ್ಲಿದ್ದವರೆಲ್ಲ ಎಂಜಿನಿಯರುಗಳು. ಎದುರಿಗಿರುವುದು ಹೊಂದಲಿಲ್ಲವೆಂದರೆ ಅವರ ಲೆಕ್ಕದಲ್ಲಿ ಅದು ದೋಷ, ದೋಷವಿದ್ದರೆ ಸರಿಪಡಿಸಬೇಕು. ಒಬ್ಬ ಮಹಾಶಯರು ತಳದ ಚೌಕಟ್ಟಿನ ಅಡ್ಡಪಟ್ಟಿಗಳನ್ನು ಕತ್ತರಿಸಿ, ಅಚ್ಚುಗಳನ್ನು ಮೊಟಕು ಮಾಡಿ, ಚಕ್ರಗಳನ್ನು ಒಳಕ್ಕೆ ಒತ್ತಿದರು. ಓಡಿತು. ಮೇಲೆ "ಮೈಸೂರು – ಅರಸೀಕೆರೆ" ಎಂದು ಫಲಕ ಅಂಟಿಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾಕಿದರು.

ಎದುರಾಳಿಯ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಹೇಳಿಯೇ ಮುರಿಯಬೇಕು ಎಂದು ನನಗೆ ಕಲಿಸಿದ್ದಾರೆ. ಹೇಳುತ್ತೇನೆ. ಅವರ ಉದ್ದೇಶ ಒಳ್ಳೆಯದಿತ್ತು. ರಜೆ ಹಾಕಿ, ಪ್ರೀತಿಯಿಂದ ಮಾಡಿದರು. ಕಾಯಿಲೆ ಬಿದ್ದ ಹಿರಿಯರನ್ನು ಗೌರವಿಸಬೇಕೆಂದುಕೊಂಡರು. ಎಲ್ಲ ನಿಜ. ಆದರೆ ಗೌರವ ಕೊಡಬೇಕಾದವರನ್ನು ಒಂದು ಮಾತು ಕೇಳುವ ಅಗತ್ಯ ಆ ಇಡೀ ಸಮಿತಿಯಲ್ಲಿ ಒಬ್ಬರಿಗೂ ಕಾಣಲಿಲ್ಲವಲ್ಲ, ಅದು ಪ್ರೀತಿಯಲ್ಲ. ಒಬ್ಬ ಹೆಂಗಸು ನಮ್ಮದಲ್ಲದ್ದನ್ನು ಇಷ್ಟು ಮೆಚ್ಚಿಕೊಂಡಿರುವುದನ್ನು ಸಹಿಸಲಾಗದೆ ಅದನ್ನು ನಮ್ಮದು ಮಾಡಿಕೊಂಡರು. ಅದನ್ನೂ ನೆಟ್ಟಗೆ ಮಾಡಲಿಲ್ಲ. ಉಗಿ ಎಂಜಿನ್ನಿನ ಕಾಲದಲ್ಲಿ ಅರಸೀಕೆರೆಗೆ ಇದ್ದದ್ದು ಮೀಟರ್ ಗೇಜು, ಅವರು ತಂದ ಹಳಿಗಿಂತಲೂ ಕಿರಿದು. ಸುಳ್ಳು ಹೇಳುವುದಕ್ಕಾದರೂ ಅಳತೆ ಗೊತ್ತಿರಬೇಕು.

ಶಾಲೆಯೊಂದರ ಸಭಾಂಗಣ. ಡಾಕ್ಟರಮ್ಮನನ್ನು ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿಗೆ ತಂದರು. ಪರದೆ ಸರಿಯಿತು. ಅವರು ಒಂದು ಕ್ಷಣ ನೋಡಿದರು. ಅಷ್ಟು ದೂರದಿಂದಲೇ ಅವರಿಗೆ ಗೊತ್ತಾಯಿತು. ನನ್ನ ಮಣಿಕಟ್ಟು ಹಿಡಿದು, "ಅದರ ಕಾಲು ಮುರಿದಿದಾರೆ," ಎಂದರು.

ಅಧ್ಯಕ್ಷರು ಮೈಕನ್ನು ಅವರ ಬಾಯಿಯ ಬಳಿ ತಂದರು. "ಆಂಟೀ, ಗೇಜು ಸ್ವಲ್ಪ ಔಟ್ ಇತ್ತು. ನಮ್ಮ ಹುಡುಗ್ರು ಫಿಕ್ಸ್ ಮಾಡಿದಾರೆ. ನಮ್ಮ ಮೈಸೂರು ರೈಲಿನ ಬಗ್ಗೆ ಎರಡು ಮಾತು!"

"ಇದು ಮೈಸೂರು ರೈಲಲ್ಲ," ಎಂದರು ಡಾಕ್ಟರಮ್ಮ, ಸ್ಪಷ್ಟವಾಗಿ. "ಗೇಜು ಸರಿಯಾಗಿತ್ತು. ನೀವು ಕೆಡಿಸಿದೀರಿ."

ಸಭೆ ಗೊಳ್ಳೆಂದು ನಕ್ಕಿತು. "ನೋಡಿ, ಈ ವಯಸ್ಸಲ್ಲೂ ಎಂಥಾ ಜೋಕು!" ಎಂದರು ಅಧ್ಯಕ್ಷರು. ಚಪ್ಪಾಳೆ. ಅವರು ಮತ್ತೆ ಬಾಯಿ ತೆರೆದರು. ಮೈಕು ಆಗಲೇ ಹೋಗಿತ್ತು. ಚಿಕ್ಕ ಮಕ್ಕಳ ನೃತ್ಯ ಶುರುವಾಗಿತ್ತು.

ಆ ಚಪ್ಪಾಳೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ವೇದಿಕೆಯ ಹಿಂದೆ ಹೋಗಿ ಅಧ್ಯಕ್ಷರನ್ನು ಹಿಡಿದೆ. "ಅಂಕಲ್, ನಿಮ್ಮ ಮಗಳ ಭರತನಾಟ್ಯಕ್ಕೆ ಯಾರಾದ್ರೂ ಕೇಳದೆ ಐರಿಷ್ ಡ್ಯಾನ್ಸಿನ ಶೂ ಹಾಕಿ, ಸ್ಟೆಪ್ಪು ಫಿಕ್ಸ್ ಮಾಡಿದೀವಿ ಅಂದ್ರೆ ಸುಮ್ನಿರ್ತೀರಾ?" ಎಂದು ಶುರುಮಾಡಿ ಬಿಡಲಿಲ್ಲ. "ಮಕ್ಕಳು ಹಿರಿಯರ ಹತ್ರ ಹೀಗಾ ಮಾತಾಡೋದು," ಎಂದಷ್ಟೇ ಅಂದರು ಅವರು. ಚರ್ಚಾ ಸ್ಪರ್ಧೆಯಾಗಿದ್ದರೆ ಅಂದು ನನಗೆ ಪೂರ್ತಿ ಅಂಕ. ಎಂಜಿನ್ನಿನ ಚಕ್ರ ಮಾತ್ರ ಒಂದು ಕೂದಲೆಳೆಯೂ ಸರಿಯಲಿಲ್ಲ.

"ಕೂಗಾಡಿದ್ದು ಸಾಕು," ಎಂದರು ಡಾಕ್ಟರಮ್ಮ. "ಅದನ್ನ ಟವೆಲಲ್ಲಿ ಸುತ್ತಿ ಕಾರಲ್ಲಿಡು."

ಚಳಿಗಾಲವಿಡೀ ಶನಿವಾರಗಳು ಅದಕ್ಕೇ ಹೋದವು. ಅವರ ಕೈ ಈಗ ಲೋಟವನ್ನೂ ಹಿಡಿಯುತ್ತಿರಲಿಲ್ಲ. ಅವರು ಹೇಳುವುದು, ನಾನು ಮಾಡುವುದು. ಹೊಸ ಅಡ್ಡಪಟ್ಟಿ, ಹೊಸ ಅಚ್ಚು. ಎಡಗಡೆಯ ಚಕ್ರಕ್ಕೂ ಬಲಗಡೆಯ ಚಕ್ರಕ್ಕೂ ಸರಳು ಸಿಕ್ಕಿಸುವ ಗೂಟಗಳು ಒಂದಕ್ಕೊಂದು ಕರಾರುವಾಕ್ಕಾಗಿ ಕಾಲು ಸುತ್ತು ಹಿಂದೆಮುಂದೆ ಇರಬೇಕು; ಮೂರೂ ಜೋಡಿಯಲ್ಲಿ ಅದು ಒಂದೇ ಆಗಿರಬೇಕು. ತುಸು ತಪ್ಪಿದರೂ ಸರಳು ಹಿಡಿದುಕೊಂಡು ಚಕ್ರ ಎಡವುತ್ತದೆ. "ಆತುರ. ನಿಂದೆಲ್ಲ ಆತುರ. ಉತ್ತರ ಮೊದಲೇ ಇಟ್ಕೊಂಡು ಬರ್ತೀಯ," ಎಂದು ಬೈಯುತ್ತಿದ್ದರು. ನಾನೂ ತಿರುಗಿ ಬೈಯುತ್ತಿದ್ದೆ.

ಒಂದು ಶನಿವಾರ ಅದು ಓಡಿತು. ಅವರ ಸ್ವಂತ ಹಳಿಯ ಮೇಲೆ, ಸ್ಲೈಗೊದಿಂದ ಆ ಕೋಳಿಗಳಿದ್ದ ನಿಲ್ದಾಣದವರೆಗೆ. ಮಗನೂ ಬಂದಿದ್ದ. "ವಾವ್ ಅಮ್ಮ! ಓಡ್ತಾ ಇದೆ!" ಎಂದು ವಿಡಿಯೋ ಹಿಡಿದ. ಡಾಕ್ಟರಮ್ಮ ಕಿವಿಯನ್ನು ಹಲಗೆಯ ಮಟ್ಟಕ್ಕೆ ತಂದು ಆಲಿಸಿದರು.

"ಎಡವುತ್ತಿದೆ. ಸುತ್ತಿಗೊಂದು ಸಲ."

"ಯಾರಿಗೂ ಗೊತ್ತಾಗಲ್ಲ ಬಿಡಮ್ಮ."

ಅವರು ಮಗನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, "ಬಿಚ್ಚು," ಎಂದರು.

ಬಿಚ್ಚಿದೆ. ಮುಂದಿನ ಶನಿವಾರಕ್ಕೆ ಅವರಿರಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು.

ಶ್ರದ್ಧಾಂಜಲಿ ಸಭೆಗೆಂದು ಅಧ್ಯಕ್ಷರು ನನಗೆ ಫೋನು ಮಾಡಿದರು. ಫೋಟೋದ ಪಕ್ಕ ಎಂಜಿನ್ ಇಡಬೇಕಂತೆ.

"ಅದು ಬಿಚ್ಚಿದೆ ಅಂಕಲ್. ಸರಿಯಾಗಿ ಓಡ್ತಿಲ್ಲ."

"ಓಡೋದೇನು ಬೇಡಮ್ಮ. ಹಂಗೇ ಜೋಡಿಸಿ ನಿಲ್ಲಿಸಿದ್ರೆ ಸಾಕು."

ಕೊಡುವುದಿಲ್ಲ ಎಂದೆ. ಕಾನೂನಿನ ಪ್ರಕಾರ ಅದು ಮಗನದು. ಆ ವಾದದಲ್ಲಿ ನಾನು ಸೋಲುತ್ತೇನೆ, ಗೊತ್ತು. ಆದ್ದರಿಂದ ಅವನನ್ನೇ ಕೇಳಿದೆ. ಗರಾಜನ್ನು ಬಾಡಿಗೆ ಕೋಣೆ ಮಾಡಿಸಲು ಹಲಗೆಗಳನ್ನು ಕೀಳಿಸುತ್ತಿದ್ದ. ಬಿಡಿಭಾಗಗಳ ಡಬ್ಬಿಯ ಮುಚ್ಚಳ ತೆಗೆದು ಒಂದು ಚಕ್ರ ಎತ್ತಿಕೊಂಡ.

"ಎಷ್ಟು ದಿನ ಬೇಕು ಮುಗಿಸೋಕೆ?"

"ಗೊತ್ತಿಲ್ಲ ಅಣ್ಣ."

"ನಿಂಗೇ ಗೊತ್ತಿಲ್ವಾ?" ಎಂದು ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ. "ತಗೊಂಡ್ಹೋಗು. ಹಳಿ ಒಂದು ತುಂಡು ಬೇಕಿದ್ರೆ ಅದನ್ನೂ ತಗೋ. ಕಾರ್ಪೆಟ್ ಹಾಕೋರು ಸೋಮವಾರ ಬರ್ತಾರೆ."

ಸಭೆಯಲ್ಲಿ ಅವರನ್ನು ಮೈಸೂರು ರೈಲು ಕಟ್ಟಿದ ಕನ್ನಡತಿ ಎಂದೇ ಹೊಗಳಿದರು. ಅಲ್ಲ ಎಂದು ಎದ್ದುನಿಂತು ಹೇಳಿದೆ, ಕೂರಿಸಿದರು. ಅದಕ್ಕೇ ಇಲ್ಲಿ ಬರೆದಿದ್ದೇನೆ.

ನನ್ನ ಅಪಾರ್ಟ್‌ಮೆಂಟಿನ ಊಟದ ಮೇಜಿನ ಮೇಲೆ ಈಗ ಊಟಕ್ಕೆ ಜಾಗವಿಲ್ಲ. ನಿನ್ನೆ ಸಂಜೆ ಮೂರನೆಯ ಜೋಡಿ ಚಕ್ರ ಕೂರಿಸಿ, ಸರಳು ಸಿಕ್ಕಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಚೆನ್ನಾಗಿಯೇ ಹೋಯಿತು. ಕಿವಿಯಿಟ್ಟು ಇನ್ನೊಮ್ಮೆ ತಳ್ಳಿದೆ. ಎಡವಿತು, ತುಂಬ ಸಣ್ಣಗೆ.

ಬಿಚ್ಚಿದೆ.