ಕಂಕುಳ ಗಂಟು

ಖಾಸಿಂಬೀ ತೀರಿಕೊಂಡು ಎರಡು ತಿಂಗಳಾಯಿತು. ಮಸ್ಕಿಯ ಹೆಂಗಸರಿಗೆ ಆಕೆ ಬಳೆಗಾರ್ತಿ. ನನಗೆ ಒಂದೇ ಓಣಿಯಲ್ಲಿ ಕೂಡಿ ಬೆಳೆದ ಗೆಳತಿ. ಮದುಮಗಳ ಕೈ ಹಿಡಿದು, ಎಲುಬನ್ನು ಮೆತ್ತಗೆ ಒತ್ತಿ, ನಗಿಸುತ್ತ ನಗಿಸುತ್ತ ಬಳೆ ಏರಿಸಿಬಿಡುತ್ತಿದ್ದಳು. ಗಂಡ ಸತ್ತ ಮೇಲೆ ಬಳೆಯ ಮಲಾರ ಹೊತ್ತು ಸಂತೆ ಸಂತೆ ತಿರುಗಿ ಬದುಕಿದಳು. ನಾನು ಹೆಣ್ಣುಮಕ್ಕಳ ಶಾಲೆಗೆ ಕಲಿಸಲು ಸೇರಿದಂದಿನಿಂದ ನನ್ನ ಹೆಸರು ಬಿಟ್ಟು "ಅಕ್ಕೋರ" ಎಂದೇ ಕಾಡುತ್ತಿದ್ದಳು.

ರಜಾಕಾರರ ಗದ್ದಲ ಅಡಗಿದ ಎರಡನೆಯ ವರ್ಷ ಆಕೆಯ ಎದೆಯಲ್ಲಿ ಗಂಟು ಕಂಡಿತು. ನಾನೇ ಹೈದರಾಬಾದಿಗೆ ಕರೆದುಕೊಂಡು ಹೋದೆ. ಅಲ್ಲಿನ ದವಾಖಾನೆಯಲ್ಲಿ ಕೊಯ್ದು ತೆಗೆದರು. ಆಮೇಲೆ ಯಂತ್ರದ ಕೆಳಗೆ ಮಲಗಿಸಿ ಕರೆಂಟು ಕೊಟ್ಟರು. ಡಾಕ್ಟರು ನನ್ನನ್ನು ಹೊರಗೆ ಕರೆದು ರೋಗದ ಹೆಸರು ಹೇಳಿದರು. ಅದನ್ನು ಆಕೆಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಕೆಟ್ಟ ನೀರಿನ ಗಂಟು ಎಂದೆ. ಊರಿಗೆ ಬಂದವಳು, "ನಮ್ಮ ಮಸ್ಕ್ಯಾಗ ದೀಪಕ್ಕ ಕರೆಂಟಿಲ್ಲ, ನನ್ನ ಎದಿಗಿ ಹಾಕ್ಯಾರ ನೋಡ್ರಿ" ಎಂದು ಓಣಿಯನ್ನೆಲ್ಲ ನಗಿಸಿದಳು.

ಮರುವರ್ಷ ಕಂಕುಳಲ್ಲಿ ಇನ್ನೊಂದು ಗಂಟು ಎದ್ದಿತು. ಹಾಗೇನಾದರೂ ಆದರೆ ಒಂದು ದಿನವೂ ತಡಮಾಡದೆ ಬರಬೇಕು, ಕರೆಂಟು ಕೊಟ್ಟರೆ ಉಳಿದಾಳು ಎಂದು ಡಾಕ್ಟರು ಮೊದಲೇ ತಾಕೀತು ಮಾಡಿದ್ದರು. ಅದೇ ಹೊತ್ತಿಗೆ ನಮ್ಮ ಸೀಮೆಗೆ ಪ್ಲೇಗು ಬಂತು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಏಳುವುದರಿಂದ ಜನ ಅದನ್ನು ಗಡ್ಡಿಬ್ಯಾನಿ ಎನ್ನುತ್ತಾರೆ. ಇಲಿ ಬಿದ್ದದ್ದೇ ತಡ, ಊರಿಗೆ ಊರೇ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹೂಡಿತು. ನಾವು ಬಸ್ಸು ಹತ್ತಿದೆವು.

ಸಿಂಧನೂರಿನ ಹೊರಗೆ ಪ್ಲೇಗಿನ ತಪಾಸಣೆಯವರು ಬಸ್ಸು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಕೈ ಎತ್ತಿಸಿ ನೋಡುತ್ತಿದ್ದರು. ಖಾಸಿಂಬೀ ಕೈ ಎತ್ತಿದೊಡನೆ, ಹೆಂಗಸರನ್ನು ನೋಡುತ್ತಿದ್ದ ಆಯಾ ಹಿಂದೆ ಸರಿದು ಕಂಪೌಂಡರ್ ಗೋಪಣ್ಣನನ್ನು ಕೂಗಿದಳು. ಇದು ಪ್ಲೇಗಲ್ಲ, ಜ್ವರವಿಲ್ಲ, ಇದರ ಔಷಧಕ್ಕೇ ಹೊರಟಿದ್ದೇವೆ ಎಂದೆ. ಹಾಗಾದರೆ ಏನು ಗಂಟು ಎಂದು ಆತ ಕೇಳಿದ. ಆಕೆಯ ಎದುರಿಗೆ ನನ್ನ ನಾಲಿಗೆ ಹೊರಳಲಿಲ್ಲ.

"ಆಕಿ ಹೇಳಂಗಿಲ್ರಿ, ನಾ ಹೇಳ್ತೀನಿ" ಎಂದಳು ಖಾಸಿಂಬೀ. "ನನಗ ಸರತಾನ್ ಆಗೈತಿ. ಇದು ಯಾರಿಗೂ ಹತ್ತಂಗಿಲ್ಲ. ನನ್ನೊಬ್ಬಾಕಿನ್ನ ತಿಂತೈತಿ."

ಕ್ಯಾನ್ಸರಿಗೆ ಉರ್ದುವಿನಲ್ಲಿ ಸರತಾನ್ ಎನ್ನುತ್ತಾರೆ. ಹೈದರಾಬಾದಿನ ಡಾಕ್ಟರು ಆಕೆಯ ಹಾಸಿಗೆಯ ಪಕ್ಕದಲ್ಲೇ ದಾದಿಯರೊಂದಿಗೆ ಉರ್ದುವಿನಲ್ಲಿ ಮಾತಾಡಿದ್ದರು. ಆಕೆಯ ಮನೆಯ ಮಾತಿಗೆ ಅದು ದೂರದ್ದಲ್ಲ. ಅಷ್ಟು ದಿನ ನಾನು ಆಕೆಯಿಂದ, ಆಕೆ ನನ್ನಿಂದ, ಅದನ್ನೇ ಮುಚ್ಚಿಟ್ಟಿದ್ದೆವು.

ಗೋಪಣ್ಣ ಆ ಹೆಸರು ಕೇಳಿರಲಿಲ್ಲ. ಕೆಟ್ಟವನಲ್ಲ, ಅಂಜಿದ್ದ. "ಹೆಸರೇನರ ಇರಲಿ ಯವ್ವಾ, ಗಂಟು ಗಂಟೇ. ನಿನ್ನ ಬಿಟ್ಟು ನಾಳೆ ಮಂದಿಗಿ ಹತ್ತಿದ್ರ ನಾ ಏನು ಹೇಳ್ಲಿ?"

ಆಕೆಯನ್ನು ಪ್ಲೇಗಿನವರ ತಗಡಿನ ಶೆಡ್ಡಿನಲ್ಲಿ ಇಟ್ಟರು. ನೋಡಿ ಬಿಡಬೇಕಾದ ದೊಡ್ಡ ಡಾಕ್ಟರು ಹಳ್ಳಿಗಳಲ್ಲಿ ಸೂಜಿ ಹಾಕುತ್ತ ತಿರುಗುತ್ತಿದ್ದರು, ವಾರಗಳೇ ಕಳೆದವು. ನಾನು ಬೇಲಿಯ ಆಚೆಯಿಂದ ಗಂಜಿ ಕೊಡುತ್ತಿದ್ದೆ. ಒಳಗೆ ಆಕೆ ಜ್ವರದವರಿಗೆ ನೀರು ಕುಡಿಸುತ್ತಿದ್ದಳು. ಹತ್ತಿರ ಹೋಗಬೇಡವೆಂದರೆ, "ಮೈಯಾಗ ಈಗಾಗ್ಲೇ ಒಬ್ಬ ಬಾಡಿಗಿಗಿ ಕುಂತಾನ, ಇನ್ನೊಬ್ಬಗ ಜಾಗಾ ಎಲ್ಲೈತಿ?" ಎಂದಳು. ಗಂಟು ಮಾತ್ರ ನಿಂಬೆಹಣ್ಣಿನಷ್ಟಾಗಿತ್ತು.

ಕೊನೆಗೆ ದೊಡ್ಡ ಡಾಕ್ಟರು ಬಂದು ನೋಡಿ ಬಿಟ್ಟ ದಿನವೇ ರಾಯಚೂರಿನಿಂದ ರೈಲು ಹತ್ತಿದೆವು. ಹೈದರಾಬಾದಿನಲ್ಲಿ ಎದೆಯ ಫೋಟೋ ತೆಗೆಸಿದರು. ರೋಗ ಪುಪ್ಪುಸಕ್ಕೆ ಇಳಿದಿತ್ತು. ಇನ್ನು ಕರೆಂಟು ಕೊಟ್ಟರೆ ಸಂಕಟವೇ ಹೊರತು ಗುಣವಿಲ್ಲ ಎಂದು ಡಾಕ್ಟರು ಈ ಸಲ ಆಕೆಯ ಮುಂದೆಯೇ ಹೇಳಿದರು. ಮೊದಲೇ ಬಂದಿದ್ದರೆ ಎಂದು ಕೇಳಿದೆ. ಅವರು ಫೋಟೋವನ್ನು ಲಕೋಟೆಗೆ ಸೇರಿಸಿ ನನ್ನ ಕೈಗಿಟ್ಟರು.

ಮರಳುವ ರೈಲಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಆಕೆ ನನ್ನ ಗದ್ದ ಹಿಡಿದು ಈಚೆಗೆ ತಿರುಗಿಸಿದಳು.

"ಇನ್ನ ಮುಚ್ಚೋದೇನೈತಿ? ಅಳೂದಿದ್ರ ನನ್ನ ಎದುರಿಗೇ ಅಳಬೇ."

ಇಬ್ಬರೂ ಅತ್ತೆವು. ಪ್ಲೇಗಿನಲ್ಲಿ ಯಾರನ್ನೋ ಕಳೆದುಕೊಂಡವರೆಂದು ತಿಳಿದ ಎದುರಿನ ಮುದುಕ ನೀರಿನ ತಂಬಿಗೆಯನ್ನು ನಮ್ಮತ್ತ ಸರಿಸಿ, ತಾನು ದೂರ ಹೋಗಿ ಕೂತ.

ಆಮೇಲೆ ಆಕೆ ಬದುಕಿದ ದಿನಗಳಲ್ಲಿ ನೋವಾದರೆ ನೋವೆಂದೇ ಹೇಳಿದಳು. ಗುಣವಾಗುತ್ತದೆ ಎಂದು ನಾನೂ ಹೇಳಲಿಲ್ಲ.